ಒಂಬತ್ತನೆಯ ಬಾನಿ

ಜಾಗ ಕೊಳ್ಳಲು ಹೊರಟವನು ಆಸೆಯನ್ನು ಮುಖಕ್ಕೆ ಹಚ್ಚಿಕೊಂಡು ಹೋಗಬಾರದು. ಕೇಳಿದವರಿಗೂ ಕೇಳದವರಿಗೂ ನಾನು ಹೇಳುತ್ತ ಬಂದಿರುವ ಮಾತು ಇದು. ಅದನ್ನು ನಾನೇ ಮುರಿದದ್ದು ಒಂದೇ ಸಲ, ಎರಡು ವರ್ಷದ ಹಿಂದೆ, ಕಾಗವಾಡದ ಒಂದು ಚಹಾದಂಗಡಿಯಲ್ಲಿ. ಪರಿಚಯದ ದಲ್ಲಾಳಿಯೊಬ್ಬ ಮಾತಿಗೆ ಮಾತು ಬಂದು, “ಅಥಣ್ಯಾಗ ಒಂಬತ್ತು ಬಾನಿಯವರ ಹಿತ್ತಲಾ ಮಾರಾಕತ್ತಾರಂತ” ಎಂದ. ನಾನು ಚಹಾ ಅರ್ಧಕ್ಕೇ ಇಟ್ಟು ಎದ್ದುಬಿಟ್ಟೆ.

“ಯಾಕ್ರೀ ಸಾವಕಾರ್ರ, ಸಕ್ಕರಿ ಕಮ್ಮಿ ಆತೇನು?” ಎಂದು ಅವನು ನಕ್ಕ. ಈ ಗಿರಾಕಿ ಹಿಂದೆ ಸರಿಯುವವನಲ್ಲ ಎಂದು ಅವನಿಗೆ ಆಗಲೇ ಗೊತ್ತಾಗಿಹೋಗಿತ್ತು.

ನನ್ನದು ನಿಪ್ಪಾಣಿಯಲ್ಲಿ ಬಟ್ಟೆ ಅಂಗಡಿ. ಶುರುವಾದದ್ದು ಸೈಕಲ್ಲಿನ ಹಿಂದೆ ಕಟ್ಟಿದ ಒಂದು ಗಂಟಿನಿಂದ. ಕೊಗನೊಳ್ಳಿ, ಚಿಕ್ಕೋಡಿ, ರಾಯಬಾಗ, ಅಲಖನೂರ ಎಂದು ಊರಿಂದ ಊರಿಗೆ ತುಳಿದು ಕುಪ್ಪಸದ ಖಣ, ಟವೆಲ್ಲು, ಲುಂಗಿ ಮಾರಿದವನು ನಾನು. ಒಂದು ಬಾಗಿಲಲ್ಲಿ ಕನ್ನಡ, ಪಕ್ಕದ ಬಾಗಿಲಲ್ಲಿ ಮರಾಠಿ. ಯಾವ ಭಾಷೆಯಲ್ಲಿ ಬೈಯುತ್ತಾರೋ ಅದೇ ಭಾಷೆಯಲ್ಲಿ ನಗಬೇಕು, ಆಗ ಗಂಟು ಬಿಚ್ಚಲು ಬಿಡುತ್ತಾರೆ. ಅಂಗಡಿ ಹಾಕುವ ಹುಡುಗರಿಗೆ ನಾನು ಇವತ್ತಿಗೂ ಇದನ್ನೇ ಹೇಳುತ್ತೇನೆ.

ಅಥಣಿಯಲ್ಲಿ ಎರಡನೇ ಅಂಗಡಿ ಹಾಕುವ ವಿಚಾರ ಇದ್ದದ್ದು ನಿಜ. ಆದರೆ ಬೇರೆ ಜಾಗಗಳೂ ಇದ್ದವು, ಇನ್ನೂ ಚೊಕ್ಕ ಜಾಗಗಳು. ನನಗೆ ಆ ಹಿತ್ತಲೇ ಬೇಕಿತ್ತು. ಅದು ನನ್ನ ಅಜ್ಜನ ಅಜ್ಜ ಹುಟ್ಟಿದ ಮನೆಯ ಹಿತ್ತಲು. ಮತ್ತು ಆ ಮನೆಯವರ ಪಾಲಿಗೆ ನಾವು ಕಳ್ಳರು.

ಕಥೆ ಹೀಗೆ. ಈ ಕಡೆ ರೈಲು ಬರುವುದಕ್ಕೂ ಮೊದಲು ಆ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು ಇದ್ದರು. ಅಣ್ಣ ನೂಲಿಗೆ ನೀಲಿ ಬಣ್ಣ ಹಾಕುವವನು. ಸುತ್ತಲಿನ ನೇಕಾರರು ಬಿಳಿ ನೂಲಿನ ಲಡಿ ತಂದು ಕೊಟ್ಟು, ನೀಲಿ ಮಾಡಿಸಿಕೊಂಡು ಒಯ್ಯುತ್ತಿದ್ದರು. ಬಣ್ಣ ತಯಾರಾಗುವುದು ಬಾಯಿ ಮಾತ್ರ ಮೇಲೆ ಕಾಣುವಂತೆ ನೆಲದಲ್ಲಿ ಹುಗಿದ ದೊಡ್ಡ ಮಣ್ಣಿನ ಬಾನಿಗಳಲ್ಲಿ. ಆ ಮನೆಯಲ್ಲಿ ಅಂಥವು ಒಂಬತ್ತು. ಮನೆಗೆ ಆ ಹೆಸರು ಬಂದದ್ದೇ ಹಾಗೆ. ಒಂದು ದಿನ ಒಂದು ಬಾನಿಯ ತಳದಲ್ಲಿ ಬಂಗಾರ ಸಿಕ್ಕಿತಂತೆ. ಬೆಳಗಾಗುವುದರೊಳಗೆ ತಮ್ಮನು ಆ ಬಾನಿಯನ್ನೇ ಕಿತ್ತು, ಬಂಗಾರದ ಸಮೇತ ಎತ್ತಿನ ಮೇಲೆ ಹೇರಿಕೊಂಡು ನಿಪ್ಪಾಣಿಗೆ ಓಡಿದನಂತೆ. ಸಾಕ್ಷಿ ಏನೆಂದರೆ, ಹೆಸರು ಒಂಬತ್ತು ಬಾನಿಯ ಮನೆ, ಹಿತ್ತಲಲ್ಲಿ ಇರುವುದು ಎಂಟೇ. ಬೇಕಾದರೆ ಎಣಿಸಿ ನೋಡ್ರಿ ಎನ್ನುತ್ತಿದ್ದರಂತೆ.

ಓಡಿದ ಆ ತಮ್ಮನೇ ನನ್ನ ಅಜ್ಜನ ಅಜ್ಜ. ಬಂಗಾರ ತಂದವನ ವಂಶ ಹೇಗೆ ಮೆರೆಯಿತು ನೋಡಿ: ನನ್ನ ಅಜ್ಜ ತಂಬಾಕಿನ ವಖಾರಿಯಲ್ಲಿ ಚೀಲ ಹೊತ್ತ, ಅಪ್ಪ ಉಗಾರ ಖುರ್ದದ ಕಾರ್ಖಾನೆಗೆ ಬೇರೆಯವರ ಕಬ್ಬಿನ ಗಾಡಿ ಹೊಡೆದ.

ಇದೆಲ್ಲ ಹಳೆಯ ಮಾತು ಎಂದು ಬಿಟ್ಟುಬಿಡಬಹುದಿತ್ತು. ಬಿಡಲಾಗದ್ದು ನನ್ನ ಅವ್ವನ ಸಲುವಾಗಿ. ಅವಳು ಹೊಸದಾಗಿ ಮದುವೆಯಾಗಿ ಬಂದ ವರ್ಷ, ಯಾರೋ ಬೀಗರ ಒತ್ತಾಯಕ್ಕೆ, ಅಥಣಿಯ ಆ ಮನೆಯ ಮದುವೆಗೆ ಹೋಗಿದ್ದಳು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆ ಹೊರಡುವಾಗ ಉಡಿ ತುಂಬುತ್ತಾರೆ. ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಖಣ ಹಾಕಿ ಕಳಿಸುತ್ತಾರೆ. ಈ ಹೆಣ್ಣುಮಗಳು ನಮ್ಮವಳು ಎನ್ನುವುದಕ್ಕೆ ಅದೇ ಗುರುತು. ಅವತ್ತು ಸಾಲಾಗಿ ನಿಂತ ಹೆಂಗಸರಿಗೆಲ್ಲ ಉಡಿ ತುಂಬಿದ ಆ ಮನೆಯ ಹಿರಿಯಳು, ನಮ್ಮ ಅವ್ವನ ಹತ್ತಿರ ಬಂದವಳು ತಟ್ಟೆಯನ್ನು ಆಚೆ ತಿರುಗಿಸಿದಳಂತೆ. “ನಿಪ್ಪಾಣಿಯವರಿಗೆ ಹೋಗೂದೆಲ್ಲಾ ಮೊದಲ ಹೋಗೇತಿ” ಎಂದಳಂತೆ. ಸುತ್ತ ನಿಂತವರು ನಕ್ಕರಂತೆ. ಅವ್ವ ಒಡ್ಡಿದ ಸೆರಗನ್ನು ಹಾಗೇ ಸೊಂಟಕ್ಕೆ ಸಿಗಿಸಿಕೊಂಡು ಬಸ್ಸು ಹತ್ತಿದಳು. ಈಗ ಅವಳಿಗೆ ಎಂಬತ್ತನಾಲ್ಕು. ತಿಂಡಿ ತಿಂದದ್ದು ಮರೆಯುತ್ತಾಳೆ, ಇದನ್ನು ಮರೆತಿಲ್ಲ.

ಹೀಗಾಗಿ ಹಿತ್ತಲು ನೋಡಲು ಹೋಗುವಾಗ ಹೆಂಡತಿಯನ್ನು ಕರೆದುಕೊಂಡು ಹೋದೆ. ಜಾಗ ನೋಡಲು ಒಬ್ಬನೇ ಹೋಗಬೇಡಿ ಎಂಬುದು ನನ್ನ ಇನ್ನೊಂದು ಉಪದೇಶ. ಗಂಡಸರು ಗೋಡೆ, ರಸ್ತೆ ನೋಡುತ್ತಾರೆ. ನೀರು ಎಲ್ಲಿ ನಿಲ್ಲುತ್ತದೆ, ಹೊಗೆ ಎತ್ತ ಹೋಗುತ್ತದೆ ಎಂದು ನೋಡುವವರು ಹೆಂಗಸರು.

ಮನೆಯ ಮುಂಭಾಗದಲ್ಲಿ ಈಗಿನ ಹಿರಿಯಳು ಮತ್ತು ಅವಳ ಮಗ ಇದ್ದರು. ಮಗ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ನೌಕರಿ ಮಾಡುವವನು, ಮೆತ್ತಗಿನ ಮನುಷ್ಯ. ತಾಯಿ ಎಂಬತ್ತರ ಆಚೆಯವಳು. ಅವ್ವನ ಮುಂದೆ ತಟ್ಟೆ ತಿರುಗಿಸಿದವಳ ಸೊಸೆ. ಸಂಬಂಧದ ಲೆಕ್ಕದಲ್ಲಿ ನನಗೆ ದೊಡ್ಡವ್ವ ಆಗಬೇಕು.

“ಯಾವ ಊರಿನವರ್ರಿ?” ಎಂದು ಕೇಳಿದಳು.

“ನಿಪ್ಪಾಣಿಯವರ್ರಿ ದೊಡ್ಡವ್ವ.”

ಅವಳು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. “ದೊಡ್ಡವ್ವ ಅನ್ನಾಕ ಬಂದಾನ ನೋಡು! ಒಯ್ದ ಬಂಗಾರೆಲ್ಲಾ ಖರ್ಚಾತೇನೋ?”

“ಯವ್ವಾ, ಬಂದವ್ರಿಗೆ ಹಂಗನಬಾರ್ದು,” ಎಂದ ಮಗ.

“ನೀ ಸುಮ್ಮನಿರಲೇ. ಐದು ತಲಿಮಾರಿನಿಂದ ಕೇಳಬೇಕಂತ ಕುಂತೇವಿ, ಇವತ್ತ ಕೈಗೆ ಸಿಕ್ಕಾನ.”

“ಖರ್ಚಾಗಿಲ್ರಿ,” ಎಂದೆ ನಾನು. “ಅದ ಬಂಗಾರದಾಗ ನಿಮ್ಮ ಹಿತ್ತಲಾ ಕೊಳ್ಳೂಣಂತ ಬಂದೇನಿ.”

ಮುದುಕಿ ತಡೆಯಲಾಗದೆ ನಕ್ಕಳು. ಮಾರುವವರು ಒಮ್ಮೆ ನಕ್ಕರೆ ಬಾಗಿಲು ತೆರೆದಂತೆ. ಚಹಾ ಬಂತು. ನನ್ನ ಹೆಂಡತಿಯನ್ನು ಮಾತ್ರ ಅವಳು ಒಳಗೆ ಕರೆಯಲಿಲ್ಲ. ನನ್ನ ಜೊತೆ ಪಡಸಾಲೆಯಲ್ಲೇ ಕೂರಿಸಿದಳು. ಅದು ನನ್ನ ಗಮನಕ್ಕೆ ಬಂತು, ಹೆಂಡತಿಯ ಗಮನಕ್ಕೂ ಬಂತು.

ಚಹಾ ಮುಗಿದ ಮೇಲೆ ಹಿತ್ತಲು ತೋರಿಸಲು ಅವಳೇ ಎದ್ದಳು. ಆ ಬಣ್ಣದವನ ಸಂಸಾರ ಹೇಗಿತ್ತೆಂದು ನನಗೆ ತಿಳಿದದ್ದು ಆ ಒಂದು ಮಧ್ಯಾಹ್ನದಲ್ಲಿ. ಅಡ್ಡಗೋಡೆಯ ಬಾಗಿಲಿನ ತೇಗದ ಚೌಕಟ್ಟಿನಲ್ಲಿ, ಸೊಂಟದ ಎತ್ತರದಲ್ಲಿ, ಒಂದು ಮಸುಕು ನೀಲಿ ಕಲೆ ಇತ್ತು. ಕೈಯಲ್ಲಿ ಭಾರ ಹಿಡಿದು ದಾಟುವವನು ದಿನಾ ಮೊಣಕೈ ತಾಗಿಸಿದ ಜಾಗ. ಎಷ್ಟು ಸುಣ್ಣ, ಎಣ್ಣೆ ಬಳಿದರೂ ಅದು ಹೋಗಿಲ್ಲ ಎಂದಳು. ತುಳಸಿ ಕಟ್ಟೆಯ ಬುಡಕ್ಕೆ ಇಟ್ಟಿದ್ದ ದುಂಡನೆಯ ಕಲ್ಲು ಹಿಂದೆ ನೀಲಿಯ ಗಟ್ಟಿಗಳನ್ನು ಬೀಸುತ್ತಿದ್ದ ಬೀಸುಗಲ್ಲು. ಬೀಸುತ್ತಿದ್ದವರು ಮನೆಯ ಹೆಂಗಸರು. ಗೋಡೆಯಲ್ಲಿ ಸಾಲಾಗಿ ತೂತುಗಳಿದ್ದವು, ನೂಲು ಒಣಗಿಸುವ ಗಳ ಸಿಗಿಸಲು. ಬಾನಿಯಿಂದ ಎತ್ತಿದಾಗ ನೂಲು ಹಳದಿಗೆ ತಿರುಗಿದ ಹಸಿರು ಇರುತ್ತಿತ್ತಂತೆ, ಗಾಳಿ ತಾಗಿದ ಮೇಲೆ ನೋಡನೋಡುತ್ತ ನೀಲಿಯಾಗುತ್ತಿತ್ತಂತೆ. ಹೊಸ ನೇಕಾರರು ಹಸಿರು ನೂಲು ಕಂಡು ಗಾಬರಿಯಾಗಿ ಜಗಳ ತೆಗೆಯುತ್ತಿದ್ದರಂತೆ. ಅವನು ಉತ್ತರ ಕೊಡದೆ ಅಡಿಕೆ ಜಗಿಯುತ್ತ ಕೂರುತ್ತಿದ್ದನಂತೆ, ನೂಲೇ ಉತ್ತರ ಕೊಡುವವರೆಗೆ. ಈ ಮಾತು ಕೇಳಿ ನನಗೆ ಆ ಮನುಷ್ಯನ ಮೇಲೆ ಪ್ರೀತಿ ಬಂತು. ಗಿರಾಕಿಯ ಮುಂದೆ ಸುಮ್ಮನೆ ಕೂರುವುದು ನನಗೆ ಇವತ್ತಿಗೂ ಪೂರ್ತಿ ಬಂದಿಲ್ಲ.

“ಮೊಣಕೈತನಾ ನೀಲಿ ಕೈ,” ಎಂದಳು ದೊಡ್ಡವ್ವ. “ಮದವ್ಯಾಗ ಸುದ್ದಾ ಹೋಗತಿರಲಿಲ್ಲ ಆ ಬಣ್ಣ. ನಮ್ಮ ಮನೀಗೆ ಹೆಣ್ಣ ಕೊಡಾಕ ಮಂದಿ ಹಿಂದಮುಂದ ನೋಡತಿದ್ರಂತ, ಅನ್ನದಾಗ ನೀಲಿ ಕಲಸಿ ಉಣ್ಣತಾರಂತ ಹೇಳಿ.”

ಆಮೇಲೆ ಅವಳು ಇನ್ನೊಂದು ವಿಷಯ ಹೇಳಿದಳು. ಹೇಳುವಾಗ ಅದು ಬರೀ ನಗೆಯ ಮಾತಾಗಿತ್ತು. ಬಾನಿಯ ನೀರಿಗೆ ನೀಲಿಪುಡಿ, ಸುಣ್ಣ, ಬೆಲ್ಲ, ಬೇಯಿಸಿದ ತಗಚಿ ಬೀಜ ಹಾಕಿ ಹುಳಿ ಬರಿಸುತ್ತಿದ್ದರು. ಆ ಹುಳಿ ಒಮ್ಮೊಮ್ಮೆ ಕೆಡುತ್ತಿತ್ತು, ಎಷ್ಟು ಅದ್ದಿದರೂ ನೂಲಿಗೆ ಬಣ್ಣ ಹತ್ತುತ್ತಿರಲಿಲ್ಲ. ಅದಕ್ಕೆ ಅವರು ಮಾಡುತ್ತಿದ್ದ ಮದ್ದು ಏನು ಗೊತ್ತೇ? ಪೇಟೆಗೆ ಹೋಗಿ ಒಂದು ದೊಡ್ಡ ಸುಳ್ಳು ಹಬ್ಬಿಸಿ ಬರುವುದು.

“ಎಮ್ಮಿ ಹೊಟ್ಟ್ಯಾಗ ಕುದುರಿ ಹುಟ್ಟೇತಿ, ಕೃಷ್ಣಾ ಹೊಳಿ ಹಿಂದಕ್ಕ ಹರ್ಯಾಕತ್ತೇತಿ, ಇಂಥಾವು. ಮಂದಿ ನಂಬಿ ಬಾಯಿಂದ ಬಾಯಿಗೆ ಹಬ್ಬಿಸಿದ್ರ ಬಾನಿ ಸುದ್ದ ಆಗತಿತ್ತಂತ. ಸುಳ್ಳ ಎಷ್ಟ ದೂರ ಹೋಗತೈತಿ, ಬಣ್ಣ ಅಷ್ಟ ಗಟ್ಟಿ. ಆದ್ರ ಹೇಳಿದಾಂವ ‘ಅದು ಸುಳ್ಳರಿ, ನಾನ ಹೇಳಿದ್ದು’ ಅಂತ ಒಪ್ಪಿಕೊಂಡ್ನೋ, ಬಾನಿ ಮತ್ತ ಕೆಡತಿತ್ತು.”

“ಅಂದ್ರ ನಮ್ಮ ದಲ್ಲಾಳಿಗಳ ಕೈಯಾಗ ಬಾನಿ ಕೊಟ್ಟಿದ್ರ ಎಂದೂ ಕೆಡತಿರಲಿಲ್ಲ ಬಿಡ್ರಿ,” ಎಂದೆ. ಎಲ್ಲರೂ ನಕ್ಕೆವು. ಅಲ್ಲಿಗೆ ಅದನ್ನು ಮರೆತೆವು.

ವ್ಯವಹಾರದ ಮಾತಿಗೆ ಕೂತಾಗ ದೊಡ್ಡವ್ವ ಒಂದು ಕರಾರು ಹಾಕಿದಳು. ಕಾಗದಪತ್ರ ಆಗುವುದಕ್ಕೂ ಮೊದಲು ನಾನೇ ನನ್ನ ಆಳುಗಳಿಂದ ಹಿತ್ತಲಿನ ನೆಲ ತೆಗೆಸಬೇಕು. ಏನು ಸಿಕ್ಕರೂ ಅದು ಅವರದು. ಬಂಗಾರದ ಚೂರಾದರೂ ಉಳಿದಿರಬಹುದೆಂಬ ಆಸೆ ಅವಳ ಕಣ್ಣಲ್ಲಿತ್ತು.

“ಆತ್ರಿ. ನಂದೂ ಒಂದ ಮಾತೈತಿ,” ಎಂದೆ. “ಎಂಟ ಬಾನಿ ಅಲ್ಲ, ಒಂಬತ್ತೂ ನೆಲದಾಗ ಸಿಕ್ಕವಂದ್ರ, ನೀವು ನನ್ನ ಹೆಂಡತಿ ಉಡಿ ತುಂಬಬೇಕು. ನಿಮ್ಮ ಕೈಲೆ.”

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವಳ ಬೆರಳು ನಿಂತಿತು. “ಎಂಟ ಸಿಕ್ಕರ?”

“ಎಂಟ ಸಿಕ್ಕರ ಹಿತ್ತಲಾನೂ ಬ್ಯಾಡ. ನಾವಾಗ್ಲಿ ನಮ್ಮ ಮಕ್ಕಳಾಗ್ಲಿ ಮತ್ತ ಈ ಹೊಸ್ತಿಲಾ ತುಳ್ಯಾಂಗಿಲ್ಲ.”

ಮಗ ಏನೋ ಹೇಳಲು ಹೋದ. ದೊಡ್ಡವ್ವ ಕೈ ಎತ್ತಿ ತಡೆದು, “ಆತು,” ಎಂದಳು.

ಹೊರಗೆ ಬಂದು ಕಾರು ಹತ್ತುತ್ತಲೇ ಹೆಂಡತಿ ಶುರು ಮಾಡಿದಳು. “ನಿಮಗ ತಲಿ ಕೆಟ್ಟೇತೇನ್ರಿ? ನೆಲದಾಗ ಏನೈತಿ ಗೊತ್ತಿಲ್ದ ಮಾತ ಕೊಟ್ಟ ಬಂದ್ರಿ. ನನ್ನ ಉಡೀನ ನಿಮ್ಮ ವ್ಯಾಪಾರದಾಗ ಯಾಕ ತಂದ್ರಿ? ಅತ್ತಿಯವರಿಗೆ ಏನ ಹೇಳತೀರಿ, ಎಂಟ ಬಂದ್ರ?”

ನನ್ನ ವಿಚಾರ ನಾನು ಹೇಳಿದೆ. ಗಂಟು ಹೊತ್ತು ತಿರುಗಿದವನಿಗೆ ಒಂದು ವಿಷಯ ಗೊತ್ತಿರುತ್ತದೆ: ಭಾರ. ಎದೆಯೆತ್ತರದ ಮಣ್ಣಿನ ಬಾನಿ, ನೆಲದಲ್ಲಿ ಹುಗಿದದ್ದು. ಅದನ್ನು ಒಡೆಯದಂತೆ ಕೀಳಲು ನಾಲ್ಕು ಆಳು ಬೇಕು, ಒಂದು ಹಗಲು ಬೇಕು. ಬಂಗಾರ ಸಿಕ್ಕ ಕಳ್ಳ ಬಂಗಾರ ಒಯ್ಯುತ್ತಾನೆ. ಬಾನಿ ಯಾಕೆ ಒಯ್ಯುತ್ತಾನೆ? ನಿಪ್ಪಾಣಿಯಲ್ಲಿ ಬಾನಿ ಸಿಗುತ್ತಿರಲಿಲ್ಲವೇ? ಒಂಬತ್ತನೆಯದು ಅಲ್ಲೇ ಇರಬೇಕು, ಮಣ್ಣಿನ ಕೆಳಗೆ.

“ಇದ್ದಿದ್ರ ಐದು ತಲಿಮಾರಿನಾಗ ಒಬ್ಬರರೇ ನೋಡತಿರಲಿಲ್ಲೇನು?” ಎಂದಳು.

ಅಗೆಯುವ ಕೆಲಸಕ್ಕೆ ಯಂತ್ರ ತರಲಿಲ್ಲ, ಬಾನಿ ಒಡೆದೀತೆಂದು. ಗೋಡೆ ಕಟ್ಟುವ ನಂಬಿಕಸ್ಥ ಗೌಂಡಿಯೊಬ್ಬ, ಅವನ ಜೊತೆ ಮೂರು ಆಳು. ಮೊದಲ ದಿನವೇ ಹಳೆಯ ಗಚ್ಚಿನ ಕೆಳಗೆ ಮೂರು ಬಾಯಿ ಕಂಡವು. ಮಣ್ಣು ತೆಗೆದಂತೆ ಒಳಗೋಡೆಯಲ್ಲಿ ನೀಲಿ ಹಕ್ಕಳೆ. ಸುತ್ತಲಿನ ಮಣ್ಣೂ ಒಂದು ಗೇಣಿನವರೆಗೆ ನೀಲಿ. ಆಳುಗಳ ಕಾಲು ನೀಲಿಯಾದವು, ಸಂಜೆ ಬಚ್ಚಲಲ್ಲಿ ಉಜ್ಜಿದರೂ ಹೋಗಲಿಲ್ಲ. ದೊಡ್ಡವ್ವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಪ್ರತಿ ಬುಟ್ಟಿ ಮಣ್ಣನ್ನೂ ಕೈಯಾಡಿಸಿ ನೋಡಿ ಬಿಡುತ್ತಿದ್ದಳು. ಎರಡನೇ ದಿನಕ್ಕೆ ಆರಾದವು. ಮೂರನೇ ದಿನ ಮಧ್ಯಾಹ್ನಕ್ಕೆ ಎಂಟು. ನಾಲ್ಕು ನಾಲ್ಕರ ಎರಡು ಸಾಲು, ದಾರ ಹಿಡಿದು ಕೂರಿಸಿದ ಹಾಗೆ.

ಆಮೇಲೆ ಏನೂ ಇಲ್ಲ. ನಾಲ್ಕನೇ ದಿನ ಹಿತ್ತಲಿನ ಮೂಲೆಮೂಲೆಯನ್ನೂ ಗಟ್ಟಿ ನೆಲ ಸಿಗುವವರೆಗೆ ಅಗೆಸಿದೆ. ಬಣ್ಣದ ಒಂದು ಗೆರೆಯೂ ಕಾಣಲಿಲ್ಲ. ದೊಡ್ಡವ್ವ ಕೊನೆಯ ಬುಟ್ಟಿಯ ಮಣ್ಣು ನೋಡಿ ಕೈ ಜಾಡಿಸಿಕೊಂಡಳು, ಅಷ್ಟೆ. ಅವಳು ಹಂಗಿಸಿದ್ದರೆ ನನಗೆ ಹಗುರಾಗುತ್ತಿತ್ತು. ಮರುದಿನ ಮಧ್ಯಾಹ್ನದವರೆಗೆ ನೋಡಿ ಮುಗಿಸುವುದೆಂದು ಮಾತಾಯಿತು.

ಗೌಂಡಿ ನನ್ನನ್ನು ಬದಿಗೆ ಕರೆದ. “ನಮ್ಮನ್ಯಾಗ ದನಕ್ಕ ನೀರಿಡೂ ಹಳೇ ಬಾನಿ ಐತ್ರಿ, ಇಂಥಾದ. ನಾಳೆ ಮುಂಜಾನೆ ಮುದುಕಿ ಪೂಜಾಕ ಕುಂತಾಗ ತಂದು ಮೂಲ್ಯಾಗ ಹುಗದ ಬಿಡೂಣು. ನೀಲಿ ಮಣ್ಣ ಬುಟ್ಟಿಗಟ್ಲೆ ಐತಿ, ಒಳಗ ಒರಸಿದ್ರಾತು. ಯಾರಿಗ್ಯಾಕ ಗೊತ್ತಾಗತೈತಿ?”

ನಿಜ ಹೇಳುತ್ತೇನೆ, ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ನಾನು ಅದನ್ನು ವಿಚಾರ ಮಾಡಿದೆ. ವ್ಯಾಪಾರದಲ್ಲಿ ನಾನು ಎಂದೂ ಸುಳ್ಳು ಹೇಳಿಲ್ಲವೆಂದರೆ ನಿಪ್ಪಾಣಿಯಲ್ಲಿ ಯಾರೂ ನಂಬುವುದಿಲ್ಲ. ಆದರೆ ನಾನು ಆ ಮನೆಗೆ ಬಂದದ್ದು ನಮ್ಮವರು ಮೋಸಗಾರರಲ್ಲ ಎಂದು ತೋರಿಸಲು. ಅದನ್ನು ಮೋಸದಿಂದ ತೋರಿಸಿದರೆ, ಇಷ್ಟು ದಿನ ಅವರು ಹೇಳುತ್ತ ಬಂದ ಮಾತೇ ನಿಜವಾದಂತೆ. “ಬ್ಯಾಡಪಾ,” ಎಂದೆ. “ನಿನ್ನ ಎಮ್ಮಿ ಎದರಾಗ ನೀರ ಕುಡೀಬೇಕು?”

ಮರುದಿನ ಹೆಂಡತಿ ತಾನೂ ಬರುತ್ತೇನೆಂದಳು. “ಸೋಲೂದ ಆದ್ರ ನಾನೂ ನೋಡಬೇಕಲ್ಲ, ಉಡಿ ನಂದು,” ಎಂದಳು. ಅವಳು ಹಿತ್ತಲಲ್ಲಿ ನಿಂತು ಎಂಟು ಬಾಯಿಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ದೊಡ್ಡವ್ವನ ಕಡೆ ತಿರುಗಿ ಕೇಳಿದಳು.

“ದೊಡ್ಡವ್ವ, ಇದು ಹುಳಿ ಬರಸೂ ಕೆಲಸ ಅಂದ್ರಲ್ಲ. ಮತ್ತ ಹೆಪ್ಪ ಎಲ್ಲಿಡತಿದ್ರು?”

“ಯಾವ ಹೆಪ್ಪ?”

“ಮೊಸರ ಮಾಡಾಕ ಹೆಪ್ಪ ಬೇಕಲ್ರಿ. ಹಿಂದಿನ ದಿನದ ಮೊಸರ ಒಂದ ಚಮಚಾ ತಗದ ಇಟ್ಟಿರತೇವಿ. ಚಳಿಗಾಲದಾಗ ಒಲಿ ಬಾಜೂಕ ಇಡತೇವಿ, ಇಲ್ಲಾಂದ್ರ ಹೆಪ್ಪ ಹಿಡಿಯಂಗಿಲ್ಲ. ಇವರೂ ಒಂದ ಬಾನಿ ಹಂಗ ಇಟ್ಟಿರಬೇಕಲ್ಲ, ಬೆಚ್ಚಗ, ಉಳಿದ ಎಂಟಕ್ಕ ಹೆಪ್ಪ ಕೊಡಾಕ.”

ಕುರ್ಚಿಯ ಮೇಲೆ ಕೂತಲ್ಲೇ ದೊಡ್ಡವ್ವನ ಮುಖ ಅಡ್ಡಗೋಡೆಯ ಕಡೆ ತಿರುಗಿತು. ಅದರ ಆಚೆಗೆ ಅವರು ಈಗ ವಾಸವಿರುವ ಭಾಗ, ಗೋಡೆಗೆ ಹತ್ತಿಯೇ ಬಚ್ಚಲುಮನೆ. ಬಚ್ಚಲಲ್ಲಿ ನೀರು ಕಾಯಿಸುವ ಹಂಡೆಯ ಒಲೆ. ಒಲೆಯ ಪಕ್ಕ ಒಂದು ದೊಡ್ಡ ಚಪ್ಪಟೆ ಕಲ್ಲು.

“ಆ ಕಲ್ಲಿನ ಮ್ಯಾಲ ನಿಂತ ನೀರ ಹಾಕ್ಕೊಂಡ್ರ ಡಬ್ಬ ಡಬ್ಬ ಅಂತೈತಿ,” ಎಂದ ಮಗ, ಮೆಲ್ಲಗೆ. “ಸಣ್ಣಾಂವ ಇದ್ದಾಗ ನಾ ಬೇಕಂತ ಕುಣೀತಿದ್ದೆ.” ಕೂಡಲೇ ತಾಯಿಯ ಮುಖ ನೋಡಿ, “ಆದ್ರ ಬಚ್ಚಲಾ ಯಾಕ ಒಡಸ್ತಿ ಯವ್ವಾ? ಮಾತಾಗಿದ್ದು ಹಿತ್ತಲಿಂದು,” ಎಂದ.

ಅವನು ಹೇಳಿದ್ದು ಸರಿಯೇ. ಮಾತಾಗಿದ್ದು ಹಿತ್ತಲಿನದು. ಬಚ್ಚಲು ಅವರದು, ಮಾರಾಟಕ್ಕೆ ಇಟ್ಟದ್ದಲ್ಲ. ಮೂವತ್ತೈದು ವರ್ಷ ಕರಾರು ಮಾಡುತ್ತ ಬಂದ ನಾನು ನನ್ನ ಬದುಕಿನ ದೊಡ್ಡ ಕರಾರನ್ನು ಹರಕಾಗಿ ಮಾಡಿಕೊಂಡಿದ್ದೆ. ಕೇಳುವ ಹಕ್ಕು ನನಗಿರಲಿಲ್ಲ. ಅವಳು ಬೇಡ ಎಂದರೆ ಎಂಟಕ್ಕೇ ಲೆಕ್ಕ ಮುಗಿಯುತ್ತಿತ್ತು, ಯಾರೂ ಅವಳನ್ನು ತಪ್ಪು ಎನ್ನುವಂತಿರಲಿಲ್ಲ. ಬಣ್ಣದವನ ಹಾಗೆ ಸುಮ್ಮನೆ ಕೂರುವುದೊಂದೇ ಉಳಿದಿತ್ತು. ಕೂತೆ. ಹೆಂಡತಿಯೂ ನಿಂತಲ್ಲೇ ನಿಂತಳು.

ದೊಡ್ಡವ್ವ ಕುರ್ಚಿಯ ಕೈ ಹಿಡಿದು ಎದ್ದಳು. “ಈ ವಯಸ್ಸಿನ್ಯಾಗ ದಿನಾ ಅದರ ಮ್ಯಾಲ ನಿಂತ ಜಳಕಾ ಮಾಡೂದು, ಕೆಳಗ ಏನೈತಿ ಅಂತ ಎಣಸೂದು, ನನ್ನ ಕೈಲೆ ಆಗೂದಿಲ್ಲ,” ಎಂದಳು. ಗೌಂಡಿಯ ಕಡೆ ನೋಡಿ, “ಎತ್ತಪಾ ಆ ಕಲ್ಲ,” ಎಂದಳು.

ಎರಡು ಹಾರೆ ಹಾಕಿ ಎತ್ತಬೇಕಾಯಿತು. ಕಲ್ಲಿನ ಕೆಳಗೆ ಒಂದು ಬಾಯಿ. ಉಳಿದವುಗಳಿಗಿಂತ ಸಣ್ಣದು, ಅಂಚು ನಯವಾಗಿ ಸವೆದಿತ್ತು, ದಿನಾ ಕೈಯಾಡಿದ ಪಾತ್ರೆಯ ಹಾಗೆ. ಎಲ್ಲಿಯೂ ಬಿರುಕಿಲ್ಲ. ಅರ್ಧದವರೆಗೆ ಒಣಗಿ ಕಲ್ಲಾದ ನೀಲಿ. ದೊಡ್ಡವ್ವ ಬಗ್ಗಿ, ಒದ್ದೆ ಬೆರಳಿನಿಂದ ಒಳಗೆ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದಳು. ನೀಲಿಯಾಗಿತ್ತು. ಬಂಗಾರ ಹುಡುಕಲು ಅವಳು ಕೈ ಹಾಕಲಿಲ್ಲ. ಬಣ್ಣದ ಕೆಲಸ ನಿಂತ ಮೇಲೆ, ಹಿಂದಿನವರು ಯಾರೋ ಕಲ್ಲು ಮುಚ್ಚಿ ಬಚ್ಚಲು ಮಾಡಿಕೊಂಡಿದ್ದರು. ಒಳಗಿನದು ಹೆಂಗಸರ ಸುಪರ್ದಿಯ ಬಾನಿ, ಹಿತ್ತಲಲ್ಲಿ ನಿಂತು ಎಣಿಸುವ ಗಂಡಸರ ಕಣ್ಣಿಗೆ ಬೀಳದ್ದು. ಅವರು ಎಣಿಸಿದ್ದು ಎಂಟು.

ಪಡಸಾಲೆಗೆ ಬಂದು ಕೂತ ಮೇಲೆ ದೊಡ್ಡವ್ವ ಹೇಳಿದಳು.

“ಬಾನಿ ಕೆಟ್ಟಿರಬೇಕು ಆವಾಗ. ನಮ್ಮ ಹಿರ್ಯಾನ ಪೇಟಿಗೆ ಹೋಗಿ ಹೇಳ್ಯಾನ, ನಮ್ಮ ಬಾನ್ಯಾಗ ಬಂಗಾರ ಸಿಕ್ಕೇತಿ ಅಂತ. ಎಮ್ಮಿ ಕುದುರಿ ಸುಳ್ಳ ಮಂದಿಗೆ ಹಳೇದಾಗಿರಬೇಕು, ದೊಡ್ಡದ ಬೇಕಾಗೇತಿ. ಅದ ದಿನದಾಗ ತಮ್ಮ ಏನೋ ಕೆಲಸಕ್ಕ ನಿಪ್ಪಾಣಿ ಕಡೆ ಹ್ವಾದ. ಎರಡೂ ಕೂಡಿಸಿ ಮಂದಿ ಕಥಿ ಕಟ್ಟಿದ್ರು.”

“ಅಲ್ರಿ ದೊಡ್ಡವ್ವ,” ಎಂದಳು ನನ್ನ ಹೆಂಡತಿ, “ತಮ್ಮನ ಹೆಸರ ಕೆಟ್ಟಾಗರೇ ಖರೇ ಹೇಳಬೇಕಿತ್ತಲ್ಲ ಅಣ್ಣ?”

“ಹೇಳಿದ್ರ ಬಾನಿ ಮತ್ತ ಕೆಡತಿತ್ತಲ್ಲ ಮಗಳ,” ಎಂದಳು ಮುದುಕಿ.

ಹೀಗೇ ಆಯಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ನೋಡಿದವರು ಯಾರೂ ಇಲ್ಲ. ಆದರೆ ಆ ಮನುಷ್ಯನನ್ನು ನಾನು ಆಗಾಗ ನೆನೆಯುತ್ತೇನೆ. ಒಂಬತ್ತು ಬಾನಿಯ ಮೇಲೆ ಒಂದು ಸಂಸಾರ, ಹೊರಗೆ ನೂಲಿಗಾಗಿ ಕಾದ ನೇಕಾರರು, ಬಾಯಿ ತುದಿಯಲ್ಲಿ ತಮ್ಮನ ಮರ್ಯಾದೆ ಉಳಿಸುವ ಒಂದು ಮಾತು. ಅದನ್ನು ನುಂಗಿಕೊಂಡು ಅವನು ದಿನಾ ಬಾನಿ ಕಲಕಿರಬೇಕು. ಆ ಕಾಲದವನಿಗೆ ಅದು ಮೂಢನಂಬಿಕೆಯಲ್ಲ, ಕಸುಬಿನ ಕಟ್ಟಳೆ. ನಾನು ಅವನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ? ಕೇಳುವವರಿಗೆ ಇಷ್ಟು ಮಾತ್ರ ಹೇಳುತ್ತೇನೆ: ಸುಳ್ಳು ಹೇಳಲೇಬೇಕಾದರೆ ಎಮ್ಮೆಯ ಮೇಲೆ ಹೇಳಿ, ಮನೆಯವರ ಮೇಲೆ ಬೇಡ.

ದೊಡ್ಡವ್ವ ಹೆಂಡತಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ದೇವರ ಮುಂದೆ ಮಣೆ ಹಾಕಿ ಕೂರಿಸಿದಳು. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಎಲೆ ಅಡಿಕೆ, ಒಂದು ಹಸಿರು ಖಣ. ಖಣ ಒಳ್ಳೆಯದೇ, ನನ್ನ ಅಂಗಡಿಯದಕ್ಕಿಂತ ಒಂದು ಕೈ ಮೇಲು. ಅವಳ ಬೆರಳಿನ ನೀಲಿ ಅಕ್ಕಿಗೆ ಅಲ್ಲಲ್ಲಿ ಹತ್ತಿತ್ತು. ಉಡಿ ತುಂಬಿ ಮುಗಿಸಿ, ತಟ್ಟೆಯಲ್ಲಿ ಉಳಿದಿದ್ದ ಅಕ್ಕಿಯನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ ಹೆಂಡತಿಯ ಕೈಗೆ ಕೊಟ್ಟಳು.

“ಇದು ನಿಮ್ಮತ್ತಿದು,” ಎಂದಳು. “ನಾನೂ ಆಗ ಹೊಸ ಸೊಸಿ. ಅವತ್ತ ನಾ ಅಲ್ಲೇ ನಿಂತಿದ್ದೆ. ಮಂದಿ ಕೂಡ ನಾನೂ ನಕ್ಕಿದ್ದೆ.”

ಹೊರಡುವಾಗ ನನ್ನನ್ನು ನಿಲ್ಲಿಸಿ, “ಬಳಗಾ ಬ್ಯಾರೆ, ಹಿತ್ತಲಾ ಬ್ಯಾರೆ. ಹೇಳಿದ್ದರಾಗ ಒಂದ ರೂಪಾಯಿ ಬಿಡಂಗಿಲ್ಲ ತಮ್ಮಾ,” ಎಂದಳು. ನಾನು ಕೇಳಿರಲಿಲ್ಲ. ಕೇಳಬೇಕೆಂದಿದ್ದೆ. ಕರಾರಿನಂತೆ ಬಾನಿಗಳೆಲ್ಲ ಅವಳವೇ. ಹೆಪ್ಪಿನ ಬಾನಿಯನ್ನು ಇದ್ದಲ್ಲೇ ಇಟ್ಟುಕೊಂಡು ಹಿತ್ತಲಿನ ಎಂಟನ್ನು ನನಗೇ ಬಿಟ್ಟಳು. ಅವುಗಳಲ್ಲೊಂದು ಈಗ ನನ್ನ ಅಥಣಿ ಅಂಗಡಿಯ ಬಾಗಿಲಲ್ಲಿದೆ. ಮಳೆಗಾಲದಲ್ಲಿ ಗಿರಾಕಿಗಳು ಅದರಲ್ಲಿ ಕೊಡೆ ಇಡುತ್ತಾರೆ.

ಅವತ್ತು ಸಂಜೆ ನಿಪ್ಪಾಣಿಗೆ ಬಂದು ಆ ಗಂಟನ್ನು ಅವ್ವನ ತೊಡೆಯ ಮೇಲೆ ಇಟ್ಟೆವು. ನಡೆದದ್ದೆಲ್ಲ ಹೇಳಿದೆವು. ಬಾನಿಯ ವಿಷಯ ಅವಳು ಅಷ್ಟು ಕಿವಿಗೊಡಲಿಲ್ಲ.

“ಯಾರ ಕೊಟ್ರು?” ಎಂದು ಎರಡು ಸಲ ಕೇಳಿದಳು.

“ಅಥಣಿ ದೊಡ್ಡವ್ವ. ಆಕಿ ಕೈಲೆ.”

ಉಡಿಯ ಅಕ್ಕಿಯನ್ನು ಹೊರಗಿನವರಿಗೆ ಕೊಡುವಂತಿಲ್ಲ, ಮನೆಯವರೇ ಉಣ್ಣಬೇಕು. ಹೆಂಡತಿ ಎರಡೂ ಅಕ್ಕಿ ಕೂಡಿಸಿ ಬೆಲ್ಲ ಹಾಕಿ ಪಾಯಸ ಮಾಡಿದಳು. ಅದಕ್ಕೂ ಮೊದಲು ನೀಲಿ ಹತ್ತಿದ ಕಾಳುಗಳನ್ನು ಆರಿಸಿ ಚೆಲ್ಲಲು ಹೋದಾಗ ಅವ್ವ ಬೇಡ ಎಂದು ಕೈ ಹಿಡಿದಳು. ಅವುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಸಿ ದಿಂಬಿನ ಹತ್ತಿರ ಇಡಿಸಿಕೊಂಡಳು. ಪಾಯಸದ ಬಟ್ಟಲು ಮುಗಿಸಿ, ಬೆರಳು ನೆಕ್ಕಿ, “ಬೆಲ್ಲ ಒಂಚೂರು ಮುಂದಾತು,” ಎಂದಳು. ಆಮೇಲೆ ಬಟ್ಟಲನ್ನು ಮತ್ತೆ ಮುಂದೆ ಚಾಚಿದಳು.